ಮೂರು ಬೆರಳಿನ ಮೇಡಂ

ಹರಿಹರದ ಹೊಳೆದಂಡೆಯ ಪಂಪ್‌ಹೌಸಿನಿಂದ ದಾವಣಗೆರೆಗೆ ನೀರು ಬಿಡುವ ಆಪರೇಟರ್‌ಗಳು ನಾವು. ನಾವು ಬಾಯಿ ತೆರೆದರೆ ಸಾಕು, ನಮ್ಮ ಇಂಜಿನಿಯರ್ ಮೇಡಂ ಮೂರು ಬೆರಳು ಎತ್ತುತ್ತಿದ್ದರು. “ಏನಾಗೈತೆ, ಏನ್ ಮಾಡೀರಿ, ಏನ್ ಬೇಕು. ಅಷ್ಟ ಹೇಳ್ರಿ.” ಒಂದೊಂದು ಹೇಳಿದಂತೆ ಒಂದೊಂದು ಬೆರಳು ಮಡಚುತ್ತಿದ್ದರು. ನಾನೋ, ಪೈಪ್ ಒಡೆದರೂ “ಊಟ ಆತೇನ್ರಿ ಮೇಡಂ” ಅಂತಲೇ ಶುರು ಮಾಡುವವನು. ಬೆರಳು ಹಾಗೇ ನಿಂತಿರುತ್ತಿದ್ದವು.

ಯುಗಾದಿಯ ಹಿಂದಿನ ದಿನ ವಾಲ್ವ್ ಒಡೆದು ನೀರು ಮೋಟರಿನತ್ತ ನುಗ್ಗಿತು. ಮೇಡಂಗೆ ಫೋನ್ ಹಚ್ಚಿ ನಾನೇ ಮೂರು ಬೆರಳು ಎತ್ತಿಕೊಂಡೆ. “ವಾಲ್ವ್ ಒಡೆದೈತ್ರಿ. ಮೋಟರ್ ಬಂದ್ ಮಾಡೀನಿ. ವೆಲ್ಡರ್ ಕಳಿಸ್ರಿ.”

ರಾತ್ರಿಯೇ ವೆಲ್ಡರ್ ಬಂದು ರಿಪೇರಿ ಮಾಡಿದ. ಮರುದಿನ ಹಬ್ಬದ ಎಣ್ಣೆಸ್ನಾನಕ್ಕೆ ದಾವಣಗೆರೆಯ ನಲ್ಲಿಗಳಲ್ಲೆಲ್ಲ ನೀರು ಬಂತು. ಮಧ್ಯಾಹ್ನ ಹೋಳಿಗೆ ಡಬ್ಬಿ ಹಿಡಿದು ಬಂದ ಮೇಡಂ, ಬಾಗಿಲಲ್ಲೇ ನಿಂತು ಮುಷ್ಟಿ ಎತ್ತಿ ತೋರಿಸಿದರು. ಒಂದು ಬೆರಳೂ ಉಳಿದಿರಲಿಲ್ಲ.

“ಈಗ ಹೇಳ್ರಿ, ಊಟ ಆತಾ?”