ಗಾದಿ ಅಂಗಡಿಗೆ ತಂದ ಕುರ್ಚಿ

ನಮ್ಮ ನಿಪ್ಪಾಣಿಯಲ್ಲಿ ಅಂಥ ಕುರ್ಚಿ ಇನ್ನೊಂದು ಇರಲಿಕ್ಕಿಲ್ಲ. ಕೂತವರ ಸೊಂಟ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲಿಗೇ ಬಂದು ಆನಿಕೊಳ್ಳುವ ಬೆನ್ನು, ಮೇಲೆ ಕೆಳಗೆ ಅತ್ತ ಇತ್ತ ಸರಿಯುವ ಕೈಗಳು, ಕುತ್ತಿಗೆಗೆ ಬೇರೆ ಆಸರೆ, ಬೆವರದಂತೆ ಗಾಳಿಯಾಡುವ ಜಾಳಿಗೆ. ನಾನೇ ಆರಿಸಿ ತಂದದ್ದು. ಬೇರೆ ಯಾರಾದರೂ ತಂದಿದ್ದರೆ ಅವರನ್ನು ಬಾಯಿತುಂಬ ಬೈದು ಹಗುರಾಗುತ್ತಿದ್ದೆ. ಆ ಸುಖವೂ ನನಗಿಲ್ಲ.

ನಮ್ಮದು ತಂಬಾಕಿನ ವ್ಯಾಪಾರ. ಉಳ್ಳಾಗಡ್ಡಿಯನ್ನೂ ಹೊಸ್ತಿಲೊಳಗೆ ಬಿಡದ ಜೈನರ ಮನೆ, ನಿಂತಿರುವುದು ಮಾತ್ರ ತಂಬಾಕಿನ ಮೇಲೆ. ಐನಾಪುರದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಈ ಮಾತಾಡಿ ಅತ್ತೆಯಿಂದ ಬೈಸಿಕೊಂಡಿದ್ದೆ. ಅಂಗಡಿಯೆಂದರೆ ಒಂದು ಉದ್ದನೆಯ ಕೋಣೆ, ಅದರ ಹಿಂದೆ ಚೀಲ ಒಟ್ಟುವ ವಖಾರಿ. ಬಾಗಿಲ ಹತ್ತಿರ ಒಂದಿಷ್ಟು ಫರಸಿಕಲ್ಲಿನ ನೆಲ ಬಿಟ್ಟರೆ ಉಳಿದದ್ದೆಲ್ಲ ಗಾದಿ. ಗೋಡೆಯಿಂದ ಗೋಡೆಗೆ ದಪ್ಪನೆಯ ಹಾಸಿಗೆ, ಅದರ ಮೇಲೆ ಬಿಳಿ ಬಟ್ಟೆ, ಗೋಡೆಗುಂಟ ಲೋಡುಗಳು. ಬಂದವರು ಫರಸಿಯ ಮೇಲೆ ಚಪ್ಪಲಿ ಬಿಟ್ಟು ಗಾದಿಗೆ ಹತ್ತಿ ಕೂಡುತ್ತಾರೆ. ಮೂಲೆಯ ಲೋಡಿಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತವನು ಯಾರೋ ಅವನೇ ಸಾವಕಾರ. ಬೋರ್ಡು ಓದಿ ತಿಳಿದುಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಮೊದಲು ಅಲ್ಲಿ ಮಾವ ಕೂಡುತ್ತಿದ್ದರು. ಅವರ ನಂತರ ನಮ್ಮವರು.

ವ್ಯಾಪಾರವೆಲ್ಲ ಆ ಗಾದಿಯ ಮೇಲೆಯೇ. ರೈತ ತಂದ ನಮೂನೆಯ ತಂಬಾಕನ್ನು ನಡುವೆ ಕಾಗದ ಹಾಸಿ ಸುರಿಯುತ್ತಾನೆ. ನಮ್ಮವರು ಒಂದು ಹಿಡಿ ಎತ್ತಿ ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಸುಮ್ಮನೆ ಕೂಡುತ್ತಿದ್ದರು. ರೈತ ಅವರ ಮುಖವನ್ನೇ ನೋಡುತ್ತ ಕೂಡುತ್ತಿದ್ದ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಇಬ್ಬರೂ. ಆಮೇಲೆ ಒಬ್ಬರ ಕೈ ಒಬ್ಬರು ಹಿಡಿದು ದರ ಹೇಳುವುದು, ಬಿಡಿಸಿಕೊಳ್ಳುವುದು, ಮತ್ತೆ ಹಿಡಿಯುವುದು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೂಡುವುದೇ ದುಡಿಮೆಯಾಗಿತ್ತು.

ಅಷ್ಟು ವರ್ಷ ಹಾಗೆ ಕೂತದ್ದಕ್ಕೋ ಏನೋ, ನಮ್ಮವರ ಬೆನ್ನು ಹೋಯಿತು. ಮೊದಲು ಸೊಂಟ ಹಿಡಿಯಿತು, ಆಮೇಲೆ ಎಡಗಾಲು ಜೋಮು ಹಿಡಿದು ಚಪ್ಪಲಿ ಜಾರಿಬಿದ್ದರೂ ತಿಳಿಯದಂತಾಯಿತು. ಮಿರಜಿನ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು. ಡಾಕ್ಟರು ಕಾಲು ಉಳಿಸಿಕೊಟ್ಟರು, ಆ ಪುಣ್ಯ ಅವರಿಗಿರಲಿ. ಬಿಡುಗಡೆಯ ದಿನ ಮಾತ್ರ ಕೈಮುಗಿದು ಹೇಳಿದ ಹಾಗೆ ಹೇಳಿದರು: ಇನ್ನು ಮುಂದೆ ನೆಲದ ಮೇಲೆ ಕೂಡುವಂತಿಲ್ಲ, ಕಾಲು ಮಡಚುವಂತಿಲ್ಲ, ಮುಂದಕ್ಕೆ ಬಾಗುವಂತಿಲ್ಲ. ಬೆನ್ನಿಗೆ ಸರಿಯಾಗಿ ಹೊಂದುವ ಒಳ್ಳೆಯ ಎರ್ಗೊನಾಮಿಕ್ ಕುರ್ಚಿ ತೆಗೆದುಕೊಳ್ಳಿ, ಇಡೀ ದಿನ ಬೇಕಾದರೆ ಕೆಲಸ ಮಾಡಬಹುದು.

ಇವರು ತಲೆಯಾಡಿಸಿದರು.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಮಂಚದ ಮೇಲೆ ಅಂಗಾತ ಮಲಗಿ ಫ್ಯಾನು ನೋಡುವುದು. ಮೈದುನ ಗಾದಿಯ ಮೇಲೆ ಕೂಡತೊಡಗಿದ. ಮೊದಮೊದಲು ದಿನಾ ಸಂಜೆ ಬಂದು ಅಣ್ಣನ ಮೂಗಿನ ಹತ್ತಿರ ತಂಬಾಕು ಹಿಡಿದು "ಅಣ್ಣಾ, ಇದಕ್ಕೇನ್ ಅಂತಿ?" ಎಂದು ಕೇಳುತ್ತಿದ್ದ. ಸುಗ್ಗಿ ಜೋರಾದ ಮೇಲೆ ಬರುವುದು ಬಿಟ್ಟು ಫೋನಿನಲ್ಲೇ ಕೇಳತೊಡಗಿದ. ಆಮೇಲೆ ಅದೂ ಕಡಿಮೆಯಾಯಿತು. ಅವನನ್ನೇನು ಅನ್ನಲಿ? ಎದುರಿಗೆ ಕೂತ ರೈತನನ್ನು ಕಾಯಿಸಿ ಮನೆಗೆ ಓಡಿಬರಲು ಆಗುತ್ತದೆಯೇ? ನಮ್ಮವರು ಅಡುಗೆಮನೆಯ ಬಾಗಿಲಿಗೆ ಗೋಡೆ ಹಿಡಿದು ಬಂದು ನನ್ನನ್ನು ಕೇಳುತ್ತಿದ್ದರು, "ಇವತ್ತ ಅಂಗಡಿಗೆ ಯಾರ್ಯಾರ್ ಬಂದಿದ್ರಂತ?" ನನಗೇನು ಗೊತ್ತು! ಅವರ ಸಮಾಧಾನಕ್ಕೆ ಬಾಯಿಗೆ ಬಂದ ಊರಿನ ಹೆಸರು ಹೇಳುತ್ತಿದ್ದೆ. ಸುಳ್ಳೆಂದು ಅವರಿಗೂ ಗೊತ್ತಿತ್ತು.

ಬಸದಿಗೆ ಹೋಗುವುದನ್ನೂ ಬಿಟ್ಟರು. ಮುನಿಗಳ ಪ್ರವಚನಕ್ಕೆ ಒಮ್ಮೆ ಹೋದಾಗ ಎಲ್ಲರೂ ನೆಲದ ಮೇಲೆ ಕೂತಿದ್ದರು, ಇವರಿಗೆ ಹಿಂದುಗಡೆ ಕಂಬದ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಪಕ್ಕದಲ್ಲಿ ಮೊಮ್ಮಕ್ಕಳ ಕೈಹಿಡಿದು ಬಂದ ಮುದುಕರು. "ನನ್ನನ್ನೂ ಹಣ್ಣಾದವರ ಸಾಲಿಗೆ ಹಚ್ಚಿದ್ರು" ಎಂದು ನಗುತ್ತ ಹೇಳಿದರು. ಆ ನಗು ನನಗೆ ಸೇರಲಿಲ್ಲ.

ಅವತ್ತೇ ಹಟ ಹಿಡಿದೆ. ಡಾಕ್ಟರು ಹೇಳಿದ ಕುರ್ಚಿ ತರುವುದು, ಇವರನ್ನು ಅಂಗಡಿಗೆ ಕಳಿಸುವುದು. ಇವರ ಬೆನ್ನು ಕೆಟ್ಟರೂ ಮೂಗು ಕೆಟ್ಟಿರಲಿಲ್ಲವಲ್ಲ.

ಮೊದಲು ಇಬ್ಬರೂ ಚಿಕ್ಕೋಡಿಯ ಒಂದು ಫರ್ನಿಚರ್ ಅಂಗಡಿಗೆ ಹೋದೆವು. ಅಲ್ಲಿದ್ದದ್ದು 'ಬಾಸ್ ಚೇರ್'. ಕರಿ ರೆಗ್ಜಿನ್ನು, ಉಬ್ಬಿದ ದಿಂಬು, ಹಿಂದೆ ತಲೆಗಿಂತ ಎತ್ತರದ ಬೆನ್ನು. ಇವರು ಕೂತು ನೋಡಿ, "ಇದರ ಮ್ಯಾಲ ಕುಂತ್ರ ನಾ ಎಲೆಕ್ಷನ್ನಿಗೆ ನಿಂದರಬೇಕಾಗ್ತೈತಿ" ಅಂದರು. ಅಂಗಡಿಯವನೂ ನಕ್ಕ. ಸ್ವಲ್ಪ ಹೊತ್ತಿಗೆ ಇವರ ಮುಖ ಬಿಳಿಚಿಕೊಂಡಿತು, ಕೈಹಿಡಿದು ಎಬ್ಬಿಸಬೇಕಾಯಿತು. ಇನ್ನು ಇವರನ್ನು ಊರೂರು ಅಲೆಸಬಾರದು, ನಾನೇ ಆರಿಸುತ್ತೇನೆ ಅಂದುಕೊಂಡೆ.

ಮನೆಗೆ ಬಂದು ಕುಪ್ಪಸದ ಅಳತೆಗಿಟ್ಟ ಟೇಪು ತೆಗೆದು ಇವರನ್ನು ಗೋಡೆಗೆ ನಿಲ್ಲಿಸಿದೆ. ಹಿಮ್ಮಡಿಯಿಂದ ಮೊಣಕಾಲು, ಮೊಣಕಾಲಿನಿಂದ ಸೊಂಟ, ಸೊಂಟದಿಂದ ಹೆಗಲು. "ಏನ್ ಅಂಗಿ ಹೊಲಿಯಾಕತ್ತಿಯೋ, ಚಟ್ಟಾ ಕಟ್ಟಾಕತ್ತಿಯೋ?" ಅಂದರು. "ಸುಮ್ನ ನಿಂದರ್ರಿ, ಅಪಶಕುನ ಮಾತಾಡಬ್ಯಾಡ್ರಿ" ಎಂದು ಗದರಿದೆ. ಆದರೆ ಮೊಣಕಾಲ ಹತ್ತಿರ ಬಗ್ಗಿ ಅಳೆಯುವಾಗ, ಎಡಗಾಲು ಬಲಗಾಲಿಗಿಂತ ಎಷ್ಟು ಬಡಕಲಾಗಿದೆಯೆಂದು ಕಂಡು ಟೇಪಿನ ಅಂಕಿಗಳು ಮಂಜಾದವು.

ಆ ಅಳತೆ ಹಿಡಿದು ಕೊಲ್ಹಾಪುರದ ದೊಡ್ಡ ಶೋರೂಮಿಗೆ ಒಬ್ಬಳೇ ಹೋದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದೇ ಕುರ್ಚಿಯಲ್ಲಿ ಕೂತೆ, ಹಿಂದಕ್ಕೆ ವಾಲಿದೆ, ಸುತ್ತಿದೆ. ಕಂಪ್ಯೂಟರ್ ಕೆಲಸದ ಹುಡುಗಿಯರು ನನ್ನನ್ನು ನೋಡಿ ಬಾಯಿಗೆ ಕೈ ಹಿಡಿದುಕೊಂಡರು. ನಗಲಿ, ನನಗೇನು! ಮಾರುವವನು ಒಳ್ಳೆಯ ಮನುಷ್ಯ, ಮರಾಠಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ. ಸೊಂಟದ ಆಸರೆ ಎಷ್ಟು ಗಟ್ಟಿಯಿರಬೇಕು, ಕೂಡುವ ಹಲಗೆಯ ಅಂಚಿಗೂ ಮೊಣಕಾಲಿಗೂ ನಡುವೆ ಎಷ್ಟು ಜಾಗ ಬಿಡಬೇಕು, ಯಾವ ಗುಬುಟು ತಿರುಗಿಸಿದರೆ ಏನಾಗುತ್ತದೆ. ಕೊನೆಗೆ ಚಕ್ರಗಳ ಮೇಲಿನ ಒಂದು ಕುರ್ಚಿಯನ್ನು ಒಂದೇ ಬೆರಳಿನಿಂದ ನೂಕಿ ತೋರಿಸಿ, ನೋಡಿ ಅಕ್ಕಾ, ಎಷ್ಟು ಭಾರ ಕೂತಿದ್ದರೂ ಒಂಚೂರೂ ಸಪ್ಪಳ ಮಾಡುವುದಿಲ್ಲ ಎಂದ. ಬೆಲೆ ಕೇಳಿ ನನ್ನ ಎದೆಯೇ ಒಮ್ಮೆ ಸಪ್ಪಳ ಮಾಡಿತು. ಆದರೂ ಇದೇ ಇರಲಿ ಅಂದೆ.

ಹೊರಡುವಾಗ ಅವನು ಇನ್ನೊಂದು ಮಾತು ಕೇಳಿದ. ಸಾಹೇಬರ ಟೇಬಲ್ ಎಷ್ಟು ಎತ್ತರ? ಟೇಬಲ್ ಇಲ್ಲ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಟೇಬಲ್ ಇಲ್ಲದೆ ಕುರ್ಚಿ ಏನು ಮಾಡುತ್ತೀರಿ ಎಂದು ನಕ್ಕ. ನಾನೂ ನಕ್ಕೆ. ಅಷ್ಟೆಲ್ಲ ಅಳೆದವಳು ಅಂಗಡಿಯ ನೆಲವನ್ನೊಂದು ಅಳೆದಿರಲಿಲ್ಲ.

ಕುರ್ಚಿ ಮನೆಗೆ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ. ಇವರು ಕೂತರು, ಕಣ್ಣು ಮುಚ್ಚಿದರು. ತಂಬಾಕು ಮೂಸಿದಾಗ ಹಾಗೆ ಮುಚ್ಚುತ್ತಿದ್ದರು. ನಾನು ಆ ರೈತರ ಹಾಗೇ ಮುಖ ನೋಡುತ್ತ ನಿಂತೆ. "ಬ್ಯಾನಿ ಇಲ್ಲ" ಅಂದರು. ಬಹಳ ಹೊತ್ತಿನ ಮೇಲೆ ಮತ್ತೆ ಅದನ್ನೇ ಅಂದರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ, ಕುರ್ಚಿಯಲ್ಲೇ ಕೂತು ಎಲೆಅಡಿಕೆ ಹಾಕಿಕೊಂಡು, "ನಾಳೆ ಬಿಳಿ ಧೋತರಾ ತಗದಿಡು. ಅಂಗಡಿಗೆ ಹೋಗ್ತೇನಿ" ಎಂದರು. ಅಷ್ಟು ಸಂತೋಷ ನನಗೆ ಮದುವೆಯಲ್ಲಿಯೂ ಆಗಿರಲಿಲ್ಲ. ಸುಳ್ಳಲ್ಲ.

ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಹಮಾಲರು ಕುರ್ಚಿಯನ್ನು ಎತ್ತಿ ಗಾದಿಯ ಮೇಲಿಟ್ಟರು. ಚಕ್ರಗಳು ಹಾಸಿಗೆಯೊಳಗೆ ಹೂತುಹೋಗಿ ಕುರ್ಚಿ ಒಂದು ಕಡೆ ವಾಲಿತು. ಮೈದುನ ವಖಾರಿಯಿಂದ ಹಲಗೆ ತರಿಸಿ ಅಡಿಗೆ ಹಾಕಿಸಿದ. ಈಗ ಕುರ್ಚಿ ನಿಂತಿತು. ಇವರು ಹತ್ತಿ ಕೂತರು. ಕೆಳಗೆ ಕೂತ ರೈತರ ತಲೆಗಳು ಇವರ ಮೊಣಕಾಲಿನ ಹತ್ತಿರ. ಇವರಿಗಿಂತ ಹಿರಿಯನೊಬ್ಬ, ಮಾವನ ಕಾಲದಿಂದ ಬರುವವನು, ಇವರ ಕಾಲಿನ ಮುಂದೆ ತಂಬಾಕು ಸುರಿಯಲು ಹಿಂಜರಿದು ಗಂಟು ಹಿಡಿದೇ ನಿಂತ. ಇವರ ಮುಖ ಕೆಂಪಾಯಿತು.

"ಕೆಳಗ ಇಳಸ್ರಿ ನನ್ನ" ಎಂದರು. "ಇದೇನ್ ಪಟ್ಟಾಭಿಷೇಕ ನಡದೈತೇನ್?"

ಕುರ್ಚಿ ನೆಟ್ಟಗೆ ನಿಲ್ಲುವ ಜಾಗ ಇಡೀ ಅಂಗಡಿಯಲ್ಲಿ ಒಂದೇ ಇತ್ತು. ಬಾಗಿಲ ಹತ್ತಿರದ ಫರಸಿ, ಎಲ್ಲರೂ ಚಪ್ಪಲಿ ಬಿಡುವ ಜಾಗ. ಅಲ್ಲಿಟ್ಟರು. ಇವರು ಕೂತರು. ನನ್ನ ಕಡೆ ನೋಡಿ "ಗಾಳಿ ಚಲೋ ಬರ್ತೈತಿ" ಎಂದರು. ನಾನು ಮನೆಗೆ ಬಂದೆ. ಒಂದೆರಡು ದಿನದಲ್ಲಿ ಸರಿಹೋಗುತ್ತದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ಸರಿಹೋಗಲಿಲ್ಲ. ಬಂದವರು "ಜೈ ಜಿನೇಂದ್ರ, ಹೆಂಗದೀರಿ ಅಣ್ಣಾ" ಎಂದು ಬಾಗಿಲಲ್ಲಿ ಕೈಮುಗಿದು, ಆಪರೇಶನ್ನಿನ ಸುದ್ದಿ ಕೇಳಿ, ಲೊಚಗುಟ್ಟಿ, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ತಂಬಾಕು ಒಳಗೆ, ಮಾತು ಒಳಗೆ, ಕೈ ಹಿಡಿಯುವುದೂ ಒಳಗೆ. ಮೈದುನ ಹಿಡಿ ತಂಬಾಕು ಎತ್ತಿಕೊಂಡು ಗಾದಿ ದಾಟಿ ಬಂದು ಇವರ ಕೈಗೆ ಕೊಡುತ್ತಿದ್ದ. ಇವರು ತಿಕ್ಕಿ, ಮೂಸಿ, ಕಣ್ಣು ಮುಚ್ಚುತ್ತಿದ್ದರು. ಕಣ್ಣು ತೆರೆಯುವಷ್ಟರಲ್ಲಿ ರೈತ ಒಳಗೇ ದರ ಮಾತಾಡತೊಡಗಿರುತ್ತಿದ್ದ. ಅಷ್ಟು ದೂರದ ಮುಖವನ್ನು ಯಾರು ಕಾಯುತ್ತಾರೆ?

ನಾನು ಮೈದುನನನ್ನು ಮನೆಗೆ ಕರೆದು ಜಗಳ ತೆಗೆದೆ. "ಗಾದಿ ತಗೀರಿ. ಎಲ್ಲಾರಿಗೂ ಖುರ್ಚಿ ಹಾಕ್ರಿ, ನಡುವ ಒಂದ್ ಟೇಬಲ್ ಇಡ್ರಿ. ಏನ್ ಗಂಟ್ ಹೋಗ್ತೈತಿ ನಿಮ್ದು?"

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಕೆಟ್ಟವನಲ್ಲ. "ವೈನಿ, ಟೇಬಲ್ ಇಟ್ರ ರೈತ ಬ್ಯಾಂಕಿಗೆ ಬಂದಂಗ ಹೆದರ್ತಾನ್ರಿ. ಬಾಜೂ ಅಂಗಡಿ ಗಾದಿಗೆ ಹೋಗಿ ಕುಂದರ್ತಾನ. ಅಣ್ಣಾಗೂ ಕೇಳೇನಿ ನಾ. ಅಂವನ ಬ್ಯಾಡ ಅಂದಾನ."

ಇವರನ್ನು ಕೇಳಿದೆ. "ನಮ್ಮಪ್ಪ ಹಾಸಿದ ಗಾದಿ. ನನ್ನ ಒಂದ್ ಸೊಂಟದ ಸಲುವಾಗಿ ಸುತ್ತಿಡಬೇಕೇನ?" ಅಂದರು. ಮತ್ತೆ ಆ ಮಾತು ಎತ್ತಲು ನನಗೆ ಧೈರ್ಯವಾಗಲಿಲ್ಲ. ಹಾಗಾದರೆ ಮನೆಯಲ್ಲೇ ಇರಿ ಅಂದರೆ ಅದಕ್ಕೂ ಒಪ್ಪಲಿಲ್ಲ. ದಿನಾ ಬಿಳಿ ಧೋತರ ಉಟ್ಟು, ಹೊತ್ತಿಗೆ ಸರಿಯಾಗಿ ಹೋಗಿ, ಆ ಕುರ್ಚಿಯಲ್ಲಿ ನೆಟ್ಟಗೆ ಕೂಡುತ್ತಾರೆ. ಬೆನ್ನು ನೋಯುವುದಿಲ್ಲ. ನೋಯುತ್ತಿದ್ದರೆ ಅದೊಂದು ನೆವ ಹೇಳಿ ಮನೆಗಾದರೂ ಬರುತ್ತಿದ್ದರು. ನಾನು ಅಷ್ಟು ಚೆನ್ನಾಗಿ ಆರಿಸಿದ್ದೇನೆ.

ಮೊನ್ನೆ ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋದೆ. ನನಗಿಂತ ಮುಂದೆ ರಾಯಬಾಗ ಕಡೆಯ ರೈತನೊಬ್ಬ ಮೆಟ್ಟಿಲು ಹತ್ತುತ್ತಿದ್ದ. ಟವೆಲ್ಲಿನಲ್ಲಿ ನಮೂನೆ ಕಟ್ಟಿಕೊಂಡಿದ್ದ. ನಮ್ಮ ಅಂಗಡಿಗೆ ಹೊಸಬ, ಮುಖ ನೋಡಿದರೇ ತಿಳಿಯುತ್ತಿತ್ತು. ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತವರನ್ನು ಅವನು ಕೇಳಿದ:

"ಸಾವ್ಕಾರ್ರ ಅದಾರೇನ್ರಿ?"

ನಾನು ಕೆಳಗಿನ ಮೆಟ್ಟಿಲ ಮೇಲೇ ನಿಂತೆ. ನಾನೇ ಅನ್ನಲಿ, ದೇವರೇ, ನಾನೇ ಅಂತ ಒಂದು ಮಾತು ಅನ್ನಲಿ. ಇವರು ಒಮ್ಮೆ ಒಳಗೆ, ಮೂಲೆಯ ಲೋಡಿನ ಕಡೆ ತಿರುಗಿ ನೋಡಿದರು. ಆಮೇಲೆ ಅವನ ಕಡೆ ನೋಡಿದರು.

"ಅದಾರ. ಒಳಗ ಹೋಗ್ರಿ."

ಅವನು ಚಪ್ಪಲಿ ಬಿಡಲು ಜಾಗ ಹುಡುಕಿದ. ಕುರ್ಚಿಯ ಚಕ್ರಗಳು ಅಡ್ಡವಿದ್ದವು. ಇವರು ಬಲಗಾಲನ್ನು ನೆಲಕ್ಕೆ ಊರಿ ಮೆಲ್ಲಗೆ ನೂಕಿದರು. ಕುರ್ಚಿ ಗೋಡೆಯತನಕ ಹಿಂದಕ್ಕೆ ಸರಿಯಿತು. ಕೊಲ್ಹಾಪುರದವನು ಸುಳ್ಳು ಹೇಳಿರಲಿಲ್ಲ, ಒಂಚೂರೂ ಸಪ್ಪಳವಾಗಲಿಲ್ಲ.

"ಇಲ್ಲೇ ಬಿಡ್ರಿ" ಎಂದರು.