ಲಿಫ್ಟಕ್ಕನ ಓರೆ ದಿಂಬು

ಬಾಳಿನಲ್ಲಿ ಏರಿಳಿತ ಕಂಡವರು ಎಂದು ದೊಡ್ಡ ಮನುಷ್ಯರ ಬಗ್ಗೆ ಬರೆಯುತ್ತಾರೆ. ಆ ಲೆಕ್ಕದಲ್ಲಿ ಲಿಫ್ಟಕ್ಕನನ್ನು ಮೀರಿಸುವವರು ಯಾರೂ ಇಲ್ಲ. ಆಕೆ ದಿನಕ್ಕೆ ನೂರಿಪ್ಪತ್ತು ಸಲ ಏರಿ ನೂರಿಪ್ಪತ್ತು ಸಲ ಇಳಿಯುತ್ತಾರೆ. ಎಂಟು ಮಹಡಿಯ ಹಳೇ ಕಟ್ಟಡ, ಜಾಲರಿ ಬಾಗಿಲಿನ ಹಳೇ ಲಿಫ್ಟು, ಗುಂಡಿಗಳ ಪಕ್ಕ ಒಂದು ಮರದ ಸ್ಟೂಲು. ಆ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷದಿಂದ ಆಕೆ.

ಆ ಕೆಲಸ ಸಿಕ್ಕಿದ್ದೂ ಲಿಫ್ಟಿನೊಳಗೇ. ಆಗ ಆಕೆ ಅಲ್ಲಿ ನೆಲ ಒರೆಸುತ್ತಿದ್ದರು. ಒಂದು ದಿನ ಕಟ್ಟಡದ ಮಾಲೀಕರನ್ನೂ ಆಕೆಯನ್ನೂ ಹೊತ್ತ ಲಿಫ್ಟು ನಾಲ್ಕಕ್ಕೂ ಐದಕ್ಕೂ ನಡುವೆ ತ್ರಿಶಂಕುವಾಗಿ ನಿಂತುಬಿಟ್ಟಿತು. ಮಾಲೀಕರು ಬೆವೆತು ಬಟ್ಟೆ ಹಿಂಡುವಂತಾದರು. ಆಕೆ ಬಕೆಟ್ಟನ್ನು ಬೋರಲು ಹಾಕಿ ಅವರನ್ನು ಕೂರಿಸಿ, ಎರಡು ಗಂಟೆ ತಮ್ಮ ಮನೆಯ ಪುರಾಣ ಹೇಳಿದರು. ಹೊರಗೆ ಬಂದ ಮಾಲೀಕರ ಮೊದಲ ಮಾತು: "ಲಿಫ್ಟ್ ರಿಪೇರಿ ಆಮೇಲೆ ನೋಡೋಣ. ಈಯಮ್ಮನ್ನ ಮಾತ್ರ ಇದ್ರಿಂದ ಇಳಿಸ್ಬೇಡಿ."

ಆ ಪುರಾಣದ ಮುಖ್ಯ ಪಾತ್ರ ಆಕೆಯ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಹೊಲಿಗೆಯಿರಲಿ, ಹೆಣಿಗೆಯಿರಲಿ, ಒಂದೆಳೆ ತಪ್ಪದ ಕೈ ಅವರದು. ಬಾಯಿ ಮಾತ್ರ ಎಲ್ಲರಿಗಿಂತ ಒಂದೆಳೆ ಹೆಚ್ಚು.

ಕಳೆದ ವರ್ಷ ಈ ಓರಗಿತ್ತಿಯ ಮಗಳು ಹೊಸ ಮನೆಗೆ ಹೋಗುವವಳಿದ್ದಳು. ಆ ಮನೆಗೆ ಯಾರು ಏನನ್ನು ಕೈಯಾರೆ ಮಾಡಿಕೊಡುವುದು ಎಂದು ಬಳಗದವರೆಲ್ಲ ಕೂತು ಹಂಚಿಕೊಂಡರು. ಪರದೆ ಒಬ್ಬರಿಗೆ, ಮೇಜಿನ ಹಾಸು ಇನ್ನೊಬ್ಬರಿಗೆ. ಲಿಫ್ಟಕ್ಕನ ಸರದಿ ಬಂದಾಗ ಓರಗಿತ್ತಿ ಸೊಳ್ಳೆ ಓಡಿಸುವ ಹಾಗೆ ಕೈ ಆಡಿಸಿದರು.

"ನೀನೇನೂ ಮಾಡ್ಬೇಡ ಬಿಡೇ. ಗುಂಡಿ ಒತ್ತೋದ್ ಬಿಟ್ರೆ ನಿನ್ ಕೈಗೆ ಇನ್ನೇನ್ ಬರುತ್ತೆ? ಅವತ್ತು ಬಂದು ಬಾಗ್ಲು ತೆಗ್ದು ಹಾಕ್ತಾ ಇರು, ಸಾಕು."

ಬಳಗ ನಕ್ಕಿತು. ಜೊತೆಗೆ ಲಿಫ್ಟಕ್ಕನ ಗಂಡನೂ ನಕ್ಕರು. ಅದು ಸೂಜಿಗಿಂತ ಆಳಕ್ಕೆ ಚುಚ್ಚಿತು. ಆಕೆಯ ಬಾಯಿ ಕೈಯನ್ನು ಒಂದು ಮಾತೂ ಕೇಳದೆ ಮಾತು ಕೊಟ್ಟುಬಿಟ್ಟಿತು: "ಸೋಫಾ ದಿಂಬಿನ ಕವರ್ ನಂದು ಅಕ್ಕ. ಕೈಯಲ್ಲೇ ಹೆಣೆದು ತರ್ತೀನಿ."

ಗೃಹಪ್ರವೇಶಕ್ಕೆ ಉಳಿದದ್ದು ನಾಲ್ಕು ವಾರ. ಬರಿಗೈಯಲ್ಲಿ ಹೋದರೆ ಆ ಬಾಗಿಲಿನ ಮಾತು ಸಾಯುವ ತನಕ ಬೆನ್ನು ಬಿಡುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

ಎರಡನೇ ಮಹಡಿಯ ಹಲ್ಲಿನ ಆಸ್ಪತ್ರೆಯ ನರ್ಸಮ್ಮನಿಗೆ ಕೊಕ್ಕೆಕಡ್ಡಿಯ ಹೆಣಿಗೆ, ಕ್ರೋಶಾ, ಬರುತ್ತಿತ್ತು. ಲಿಫ್ಟಕ್ಕ ಕಲಿಸಿಕೊಡಿ ಎಂದು ಅವರ ಬೆನ್ನು ಬಿದ್ದರು. ಮಾರನೇ ದಿನವೇ ನರ್ಸಮ್ಮ ಮೊಳದುದ್ದದ ಕಡ್ಡಿಯೊಂದನ್ನು ತಂದರು. ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಗುಂಡು.

"ಇದು ಟ್ಯುನೀಷಿಯನ್ ಕ್ರೋಶಾ ಅಕ್ಕ. ಹೋಗೋವಾಗ ಒಂದೊಂದೇ ಕುಣಿಕೆ ಎತ್ಕೊಂಡು ಕಡ್ಡಿ ಮೇಲೆ ಹಾಕ್ಕೋತಾ ಹೋಗೋದು. ಬರೋವಾಗ ಒಂದೊಂದೇ ಇಳಿಸ್ತಾ ಬರೋದು. ಮಧ್ಯೆ ಬಟ್ಟೇನ ತಿರುಗಿಸೋ ಹಾಗಿಲ್ಲ."

"ನಮ್ ಲಿಫ್ಟೇ ಅಲ್ವೇನ್ರೀ ಇದು!" ಎಂದರು ಲಿಫ್ಟಕ್ಕ. "ಹತ್ತಿಸ್ಕೊಂಡ್ ಹೋಗೋದು, ಇಳಿಸ್ಕೊಂಡ್ ಬರೋದು. ಕೆಳಗ್ ಬರೋಕೆ ಲಿಫ್ಟ್ ಏನು ತಲೆಕೆಳಗಾಗುತ್ತಾ?"

ಇಷ್ಟು ಚೆನ್ನಾಗಿ ಈ ಹೆಣಿಗೆಯನ್ನು ಯಾವ ಪುಸ್ತಕವೂ ವಿವರಿಸಿರಲಾರದು. ನರ್ಸಮ್ಮ ಎರಡು ಸಾಲು ತೋರಿಸಿಕೊಟ್ಟು, ತಂಗಿಯ ಬಾಣಂತನಕ್ಕೆ ಹದಿನೆಂಟು ದಿನ ರಜೆ ಹಾಕಿ ಹೋದರು.

ಕಡುನೀಲಿ ಉಣ್ಣೆಯಲ್ಲಿ, ಅರುವತ್ತು ಕುಣಿಕೆಯಿಂದ ಕೆಲಸ ಶುರುವಾಯಿತು. ಜನ ಕಡಿಮೆಯಿದ್ದ ಹೊತ್ತಿನಲ್ಲಿ ಸ್ಟೂಲಿನ ಮೇಲೆ ಕಡ್ಡಿ ಆಡುತ್ತಿತ್ತು. ಮೊದಲ ದಿನಗಳಲ್ಲಿ ಒಂದು ಸಾಲಿಗೆ ಅರ್ಧ ಗಂಟೆ ಬೇಕಾಯಿತು. ವಾರ ಕಳೆಯುವಷ್ಟರಲ್ಲಿ ಇಪ್ಪತ್ತೇ ನಿಮಿಷ. ಆಮೇಲೆ ಹತ್ತು.

"ಕೈ ಕುದುರ್ತು ಕಣ್ರೀ," ಎಂದು ಮನೆಯಲ್ಲಿ ಗಂಡನ ಮುಂದೆ ಬೀಗಿದರು. "ಈಗ ಕಣ್ ಮುಚ್ಚಿ ಬಿಡೋದ್ರೊಳಗೆ ಒಂದ್ ಸಾಲು."

ಈ ಹೆಣಿಗೆಗೆ ಸುರುಳಿ ಸುತ್ತಿಕೊಳ್ಳುವ ಚಾಳಿ ಇದೆ. ಮುಗಿದ ಭಾಗ ಚಾಪೆಯ ಹಾಗೆ ಸುತ್ತಿಕೊಂಡು ಚೀಲದೊಳಗೆ ಮಲಗಿರುತ್ತಿತ್ತು. ಹಾಗಾಗಿ ಅದನ್ನು ಬಿಡಿಸಿ ನೋಡಿದವರು ಯಾರೂ ಇರಲಿಲ್ಲ, ಹೆಣೆದವರೂ ಸೇರಿದಂತೆ. ರಜೆ ಮುಗಿಸಿ ಬಂದ ನರ್ಸಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಕೆಳಗೆ ಅರುವತ್ತು ಕುಣಿಕೆ, ಮೇಲೆ ಹನ್ನೆರಡು. ಬಲಗಡೆ ಗೋಡೆಯ ಹಾಗೆ ನೆಟ್ಟಗಿತ್ತು, ಎಡಗಡೆ ಜಾರುಬಂಡೆ.

"ಅಕ್ಕಾ," ಎಂದರು ನರ್ಸಮ್ಮ ಬಹಳ ಮೆಲ್ಲಗೆ, "ಇದು ದಿಂಬಿಗಾ, ದಿಂಬಿನ ಟೋಪಿಗಾ?"

"ಅಯ್ಯೋ, ಇದೇನ್ ಹೀಗೆ?"

"ಎಲ್ಲಿ, ಒಂದ್ ಸಾಲು ಹಾಕಿ ನೋಡೋಣ."

ಲಿಫ್ಟಕ್ಕ ಹಾಕಿದರು. ಹನ್ನೊಂದು ಕುಣಿಕೆ ಎತ್ತಿಕೊಂಡರು, ಅಂಚಿನ ಕೊನೆಯದರ ಮುಂದೆ ಕೈ ತಾನಾಗಿ ನಿಂತಿತು. ಕಡ್ಡಿ ಹಿಂದಕ್ಕೆ ಹೊರಟಿತು. ನರ್ಸಮ್ಮ ಕೊನೆಯ ಕುಣಿಕೆಯನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು. "ಇದನ್ ಯಾಕ್ ಬಿಟ್ರಿ?"

ಲಿಫ್ಟಕ್ಕ ಹಣೆ ಚಚ್ಚಿಕೊಂಡರು. ಎಂಟನೇ ಮಹಡಿಗೆ ಬೀಗ ಬಿದ್ದು ಒಂಬತ್ತು ವರ್ಷವಾಗಿತ್ತು. ಏಳರವರೆಗೆ ಹೋಗು, ವಾಪಸ್ ಬಾ. ಕೊನೆಯದಕ್ಕೆ ಹೋಗಬೇಕಿಲ್ಲ ಎಂಬುದು ಆ ಕೈಗೆ ಒಂಬತ್ತು ವರ್ಷದಲ್ಲಿ ರಕ್ತಗತವಾಗಿತ್ತು. ಸಾಲು ಬೇಗ ಬೇಗ ಮುಗಿಯುತ್ತಿದ್ದದ್ದು ಕೈ ಕುದುರಿದ್ದರಿಂದಲ್ಲ, ಸಾಲೇ ಕರಗುತ್ತಿದ್ದುದರಿಂದ.

ಇನ್ನು ಒಂಬತ್ತೇ ದಿನ. ಆ ಸಂಜೆ ಲಿಫ್ಟು ಏರಿದರೂ ಲಿಫ್ಟಕ್ಕನ ಮುಖ ಇಳಿದೇ ಇತ್ತು. ಐದನೇ ಮಹಡಿಯಲ್ಲಿ ಮನೆಗಳ ನಕ್ಷೆ ಬರೆಯುವವರೊಬ್ಬರಿದ್ದಾರೆ, ಎಲ್ಲರಿಗೂ ನಕ್ಷೆ ಸಾರ್. ಅವರು ಆಕೆಯ ಮಡಿಲಲ್ಲಿದ್ದ ನೀಲಿ ತುಂಡನ್ನು ಕಂಡು, ತಮ್ಮ ಮಹಡಿ ಬಂದರೂ ಇಳಿಯಲಿಲ್ಲ.

"ಬಿಚ್ಬೇಕು ಸಾರ್. ಎಲ್ಲಾ ಬಿಚ್ಚಿ ಮೊದಲಿಂದ."

"ಬಿಚ್ಚಿದ್ರೆ ಮೂರು ಸಾವಿರ ಕುಣಿಕೆ ಹಾಕ್ಬೇಕಮ್ಮ," ಎಂದರು ನಕ್ಷೆ ಸಾರ್, ಕಿಸೆಯ ಸ್ಕೇಲು ಹಿಡಿದು. "ಬಿಚ್ಚಬೇಡಿ. ಇಂಥದ್ದೇ ಇನ್ನೊಂದು ಮಾಡಿ, ತಲೆಕೆಳಗೆ ಮಾಡಿ, ಇದರ ಓರೆಗೆ ಅದರ ಓರೆ ಸೇರಿಸಿ ಹೊಲೀರಿ. ನಾಲ್ಕು ಮೂಲೆನೂ ಸರಿಯಾಗುತ್ತೆ. ಹದಿನೆಂಟು ನೂರರಲ್ಲಿ ಮುಗೀತು."

"ಅಂದ್ರೆ ಇದೇ ತಪ್ಪನ್ನ ಮತ್ತೆ ಮಾಡ್ಬೇಕಾ?"

"ಸರಿಯಾಗಿ ಮಾಡ್ಬೇಕು. ಒಂದ್ ಸಾಲಿಗೂ ತಪ್ಪದ ಹಾಗೆ ತಪ್ಪಬೇಕು."

ಅಂಗಡಿಯಲ್ಲಿ ನೀಲಿ ಮುಗಿದಿತ್ತು, ಹಳದಿ ತಂದರು. ಆಮೇಲೆ ಶುರುವಾಯಿತು ನಿಜವಾದ ಫಜೀತಿ. ತಪ್ಪು ಯಾವುದೆಂದು ತಿಳಿದ ಕೈ ಈಗ ತಪ್ಪುವುದೇ ಇಲ್ಲ ಎಂದು ಹಟ ಹಿಡಿಯಿತು. ಕೊನೆಯ ಕುಣಿಕೆ ಬಂದ ಕೂಡಲೇ ಕೊಕ್ಕೆ ಹಸಿದ ಹಕ್ಕಿಯ ಹಾಗೆ ಅದನ್ನು ಕಚ್ಚಿ ಎತ್ತುತ್ತಿತ್ತು. ಸುದ್ದಿ ಕಟ್ಟಡದ ತುಂಬ ಹರಡಿ, ಲಿಫ್ಟು ಹತ್ತಿದವರೆಲ್ಲ ನಮಸ್ಕಾರದ ಬದಲು ಕೇಳತೊಡಗಿದರು: "ಲಿಫ್ಟಕ್ಕಾ, ಕೊನೇದು ಬಿಟ್ರಾ?"

ಮನೆಯಲ್ಲಿ ಗಂಡ ಒಲೆ ಮುಂದೆ ನಿಂತು ಅನ್ನ ಬಸಿಯುತ್ತ, "ತಪ್ಪು ಮಾಡೋಕೂ ಇಷ್ಟ್ ಕಷ್ಟ ಪಡ್ತೀಯಲ್ಲೇ!" ಎಂದರು.

"ನೀವು ಅವತ್ತು ನಕ್ಕಿದ್ದಕ್ಕೆ ಕಣ್ರೀ ಇದು. ಅನ್ನ ನೋಡಿ, ತಳ ಹಿಡೀತಿದೆ."

ಆತ ನಗಲಿಲ್ಲ. ಅಳತೆಗೆ ತಕ್ಕ ಉದ್ದ ದಿಂಬನ್ನು ತಾವೇ ಹತ್ತಿ ತುಂಬಿ ಹೊಲಿದರು. ಅಂತೂ ಹಳದಿ ತುಂಡು ಮುಗಿದ ಮೇಲೆ, ಎರಡನ್ನೂ ಒದ್ದೆ ಮಾಡಿ, ಹಾಸಿಗೆಯ ಮೇಲೆ ಗುಂಡುಸೂಜಿ ಚುಚ್ಚಿ ಸುರುಳಿ ಬಿಡಿಸಿ, ತಾವಿಬ್ಬರೂ ನೆಲದ ಮೇಲೆ ಮಲಗಿದರು. ಎಂಟನೇ ದಿನ ಓರೆಗೆ ಓರೆ ಸೇರಿತು, ಬೆನ್ನಿಗೆ ಬಟ್ಟೆ ಬಿತ್ತು.

ಹೊಸ ಮನೆಯ ಸೋಫಾದ ಮೇಲೆ ಆ ದಿಂಬು ಕೂತದ್ದೇ ತಡ, ಬಂದವರ ಕಣ್ಣೆಲ್ಲ ಅದರ ಮೇಲೆ. ಅರ್ಧ ನೀಲಿ, ಅರ್ಧ ಹಳದಿ, ನಡುವೆ ಮೂಲೆಯಿಂದ ಮೂಲೆಯ ಕಡೆಗೆ ಸಣ್ಣ ಮೆಟ್ಟಿಲುಗಳಂತೆ ಇಳಿದ ಓರೆ. ಓರಗಿತ್ತಿ ಕನ್ನಡಕ ಹಾಕಿಕೊಂಡು ದಿಂಬನ್ನು ತೊಡೆಯ ಮೇಲೆ ಮಲಗಿಸಿ, ಮಗುವಿನ ಮೈಯಲ್ಲಿ ಬೆವರುಸಾಲೆ ಹುಡುಕುವ ಹಾಗೆ ಹುಡುಕಿದರು.

"ಈ ಓರೆ ಹೇಗ್ ತೆಗ್ದೆ?"

ಗಂಡ ಪಕ್ಕದಿಂದ ಪಿಸುಗುಟ್ಟಿದರು: "ಡಿಸೈನ್ ಅನ್ನು. ಡಿಸೈನ್."

ಹಾಗಂದುಬಿಟ್ಟಿದ್ದರೆ ಮುಗಿದಿತ್ತು. ಆದರೆ ಗಂಟಲಲ್ಲಿ ಸುಳ್ಳನ್ನು ಇಟ್ಟುಕೊಂಡು ಊಟ ಮಾಡುವುದು ಹೇಗೆ ಎಂದು ಲಿಫ್ಟಕ್ಕನಿಗೆ ಅನ್ನಿಸಿತು.

"ಕೊನೇ ಕುಣಿಕೆ ಬಿಡ್ತಾ ಬರ್ಬೇಕು ಅಕ್ಕ, ಅಷ್ಟೇ. ನೀಲಿ ತುಂಡು ತಪ್ಪಿ ಆಗಿದ್ದು. ಹಳದಿ ಬೇಕಂತಲೇ ಮಾಡಿದ್ದು."

ಬಳಗ ನಗಬೇಕೋ ಬೇಡವೋ ಎಂದು ಓರಗಿತ್ತಿಯ ಮುಖ ನೋಡಿತು. ಅವರು ಹಳದಿ ಭಾಗದ ಅಂಚನ್ನು ಬೆರಳಿನಿಂದ ಒಂದೊಂದೇ ಮೆಟ್ಟಿಲು ಸವರುತ್ತ ಕೊನೆಯವರೆಗೆ ಹೋದರು. ಎಲ್ಲೂ ಒಂದು ಮೆಟ್ಟಿಲು ಹೆಚ್ಚುಕಡಿಮೆ ಇರಲಿಲ್ಲ.

"ಕಡ್ಡಿ ತಂದಿದ್ದೀಯಾ?"

ಕಡ್ಡಿ ಚೀಲದಲ್ಲೇ ಇತ್ತು, ಉಳಿದ ಹಳದಿ ಉಣ್ಣೆಯೂ. ಓರಗಿತ್ತಿ ಸೋಫಾದಲ್ಲಿ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಲಿಫ್ಟಕ್ಕ ಹತ್ತು ಕುಣಿಕೆ ಹಾಕಿಕೊಟ್ಟ ಮೇಲೆ ಓರಗಿತ್ತಿಯ ಕೈ ಸರಸರ ಓಡಿತು. ಕೊನೆಯದೂ ಸರಕ್ಕನೆ ಕಡ್ಡಿಗೆ ಬಂತು.

"ಬಿಡ್ಬೇಕು ಅಕ್ಕ."

"ಗೊತ್ತು ಕಣೇ, ಸುಮ್ನಿರು." ಇನ್ನೊಂದು ಸಾಲು. ಕೊನೆಯದು ಮತ್ತೆ ಕಡ್ಡಿಯ ಮೇಲೆ. "ಥೂ! ಇದೇನಿದು, ನನ್ ಕೈ ನನ್ ಮಾತೇ ಕೇಳಲ್ವಲ್ಲ!"

ಊಟಕ್ಕೆ ಕರೆ ಬಂತು. ಇಬ್ಬರೂ ಏಳಲಿಲ್ಲ. ಮೂರನೇ ಸಾಲಿನ ತುದಿಗೆ ಬಂದಾಗ ಲಿಫ್ಟಕ್ಕ ಓರಗಿತ್ತಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೊನೆಯ ಕುಣಿಕೆ ಒಂಟಿಯಾಗಿ ಉಳಿಯಿತು. ಓರಗಿತ್ತಿ ಅದನ್ನೇ ದಿಟ್ಟಿಸಿದರು.

"ಮೈಯೆಲ್ಲಾ ಉರಿಯುತ್ತೆ ಕಣೇ, ಇದನ್ ನೋಡಿದ್ರೆ."

"ಎರಡ್ ದಿನ ಉರಿಯುತ್ತೆ ಅಕ್ಕ," ಎಂದರು ಲಿಫ್ಟಕ್ಕ, ಕೈ ಬಿಡದೆ. "ಆಮೇಲೆ ಅಭ್ಯಾಸ ಆಗುತ್ತೆ."