ನಂದನವನಕ್ಕೆ ಬಂದ ಬೀಗರು

ಪಕ್ಕೀರಮ್ಮ ಮದುವೆಯಾಗಿ ಹರಪನಹಳ್ಳಿಗೆ ಬಂದಾಗ ಗಂಡ ಹುಲುಗೇಶ, "ನೆರಿಹೊರಿಯವ್ರು ಭಾಳ ಒಳ್ಳೇವ್ರು, ಯಾರ ತಂಟಿಗೂ ಬರಂಗಿಲ್ಲ" ಎಂದಿದ್ದ. ಸುಳ್ಳೇನಲ್ಲ. ಮನೆಯೆದುರು ಕಣ್ಣು ಹಾಯುವಷ್ಟು ದೂರ ಊರಿನ ಸುಡುಗಾಡು. ಗೌಂಡಿ ಕೆಲಸದ ಹುಲುಗೇಶನಂಥ ನಾಲ್ಕಾರು ಮಂದಿ ಊರೊಳಗೆ ಜಾಗ ಸಿಗದೆ ಅಲ್ಲಿ ಮನೆ ಕಟ್ಟಿಕೊಂಡಿದ್ದರು. ಮೊದಮೊದಲು ಪಕ್ಕೀರಮ್ಮ ಹೊತ್ತು ಮುಳುಗಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಬರಬರುತ್ತ ಗೋರಿಕಟ್ಟೆಗಳ ಮೇಲೇ ಸಂಡಿಗೆ ಒಣಗಿಸತೊಡಗಿದಳು. ಅಲ್ಲಿಗೆ ಬಂದು ಕದಿಯುವ ಗುಂಡಿಗೆ ಯಾರಿಗೂ ಇರಲಿಲ್ಲ.

ಊರು ಬೆಳೆಯಿತು. ಮೆಕ್ಕೆಜೋಳದ ಗೋದಾಮು ಬಂತು. ಮಾಸ್ತರರು, ಗುಮಾಸ್ತರು ಮನೆ ಕಟ್ಟಿದರು. ಆದರೂ 'ಸುಡುಗಾಡು ಪ್ಲಾಟು' ಎಂಬ ಹೆಸರು ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಆಟೋದವರು, "ಸುಡುಗಾಡಿಗೆ ಹೋಗೋರು ಲಗೂ ಬರ್ರಿ!" ಎಂದು ಕೂಗುವುದನ್ನು ಕೇಳಿ ಕೇಳಿ ಪಕ್ಕೀರಮ್ಮ ರೋಸಿಹೋದಳು. ಮಗಳು ಸಂಘಮಿತ್ರಾ ಬ್ಯಾಂಕಿನ ಕೆಲಸಕ್ಕೆ ಸೇರಿ, ಸಂಬಂಧಗಳು ಬರತೊಡಗಿದ ಮೇಲೆ ತಾನೇ ಮುಂದೆ ನಿಂತು 'ನಂದನವನ ಬಡಾವಣೆ' ಎಂದು ಬೋರ್ಡು ಹಾಕಿಸಿದಳು.

ಗುಡೇಕೋಟೆಯ ಓಬಳೇಶ, ಹೆಂಡತಿ ಮೈಲಮ್ಮ, ಹೈಸ್ಕೂಲು ಮಾಸ್ತರನಾದ ಮಗ ಭೀಮೇಶ್ ಹೆಣ್ಣು ನೋಡಲು ಬರುವ ದಿನ. ಕರಿದಿಟ್ಟ ಮಿರ್ಚಿ ಆರಿ ತಣ್ಣಗಾದರೂ ಅವರ ಸುಳಿವಿಲ್ಲ. ಪಕ್ಕೀರಮ್ಮ ಫೋನು ಮಾಡಿದಳು.

"ಎಲ್ಲಿ ಅದೀರಿ ಅಣ್ಣಾರ?"

"ಸುಡುಗಾಡದಾಗ ಅದೀವಿ ತಂಗೆವ್ವಾ," ಓಬಳೇಶ ಪಿಸುಗುಟ್ಟಿದ. "ಮಣ್ಣು ಕೊಡಾಕ ಹತ್ಯಾರ, ಆಮ್ಯಾಲೆ ಮಾಡ್ತೀನಿ."

ಆದದ್ದಿಷ್ಟು. ನಂದನವನ ಎಲ್ಲಿದೆಯೆಂದು ಊರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಮುಂದೆ ಹಲಗೆ ಬಡಿಯುವ ಸದ್ದು ಕೇಳಿಸಿತು. ಟ್ರ್ಯಾಕ್ಟರಿನಲ್ಲಿ ಹೂವಿನ ನಡುವೆ ಹೊಸ ರುಮಾಲು ಸುತ್ತಿದ ಹಿರಿಯರೊಬ್ಬರು ಕುಳಿತಿದ್ದರು. "ನಮ್ಮನ್ನ ಎದುರುಗೊಳ್ಳಾಕ ಹಿರೇರನ್ನ ಕಳಿಸ್ಯಾರ, ಎಂಥ ಮರ್ಯಾದಿ ಮಂದಿ!" ಎಂದು ಓಬಳೇಶ ಕಾರನ್ನು ಟ್ರ್ಯಾಕ್ಟರಿನ ಹಿಂದೆಯೇ ಬಿಡಿಸಿದ್ದ. ಹಿರಿಯರು ಸತ್ತಿದ್ದಾರೆಂದು ಗೊತ್ತಾಗುವಷ್ಟರಲ್ಲಿ ಕಾರು ಸುಡುಗಾಡಿನ ಗೇಟು ದಾಟಿತ್ತು. ತಿರುಗಿಸಲು ಜಾಗವಿರಲಿಲ್ಲ. ಯಾರೋ ಕೈಗೆ ಮಣ್ಣು ಕೊಟ್ಟರು, ಹಾಕಿದರು. ಮೈಲಮ್ಮನಂತೂ ಅಳುವವರನ್ನು ನೋಡಿ ತಡೆಯಲಾರದೆ ತಾನೂ ಅತ್ತುಬಿಟ್ಟಳು. ಸತ್ತವರ ಮಗ ಓಬಳೇಶನ ಕೈಹಿಡಿದು, "ಅಷ್ಟು ದೂರದಿಂದ ಬಂದ್ರಲ್ರೀ" ಎಂದು ಕಣ್ಣೊರೆಸಿಕೊಂಡ. "ದೊಡ್ಡ ಮನುಷ್ಯರು ಬಿಡ್ರಿ" ಎಂದು ಓಬಳೇಶ ಸಮಾಧಾನ ಹೇಳಿಬಂದ.

ಎದುರಿನ ಸುಡುಗಾಡಿನಿಂದ ನೇರ ಬಾಗಿಲಿಗೆ ಬಂದು ನಿಂತವರ ಕತೆ ಕೇಳಿ ಪಕ್ಕೀರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆದರೆ ಅದಕ್ಕೂ ಪುರುಸೊತ್ತಿರಲಿಲ್ಲ. ಮಣ್ಣಿಗೆ ಹೋದವರು ಮೈ ತೊಳೆಯದೆ ಮನೆಯೊಳಗೆ ಬರುವಂತಿಲ್ಲ. ಹೆಣ್ಣು ನೋಡಲು ಬಂದವರಿಗೆ ಹಂಡೆ ನೀರು ಕಾಯಿಸಿದ್ದಾಯಿತು. ಮೈಲಮ್ಮ ಪಕ್ಕೀರಮ್ಮನ ಸೀರೆಯುಟ್ಟಳು. ಭೀಮೇಶ್ ಹುಲುಗೇಶನ ಗಿಡ್ಡ ಲುಂಗಿಯಲ್ಲಿ, ಮೊಣಕಾಲು ಮುಚ್ಚಿಕೊಳ್ಳಲು ಹೆಣಗುತ್ತ ಕುರ್ಚಿಯ ತುದಿಗೆ ಕುಳಿತ.

"ಹೆಸರು ಸರೀನ ಇಟ್ಟೀರಿ ಬಿಡ್ರಿ," ಎಂದ ಓಬಳೇಶ, ತಲೆ ಒರೆಸಿಕೊಳ್ಳುತ್ತ. "ನಂದನವನ ಇರೋದು ಸ್ವರ್ಗದಾಗ. ದಾರಿ ಸುಡುಗಾಡದ ಮ್ಯಾಲೇ ಅಲ್ಲೇನು?"

ಮೊದಲು ನಕ್ಕದ್ದು ಮೈಲಮ್ಮ. ಆಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ.

ಚಹಾ ಕೊಟ್ಟು ಒಳಗೆ ಬಂದ ಸಂಘಮಿತ್ರಾ ತಾಯಿಯ ಕಿವಿಯಲ್ಲಿ, "ಅವ್ವಾ, ಪಾಪ, ಅವರಿಗೆ ಭಾಳ ಸಿಗ್ಗು ಆಗೇತಿ. ಅಪ್ಪನ ಹೊಸ ಪಂಚಿ ಐತಲ್ಲ, ಕೊಡು" ಎಂದಳು.

ಪಕ್ಕೀರಮ್ಮ ಮಗಳ ಮುಖ ನೋಡಿದಳು. ಪಂಚೆ ತರುವ ಮೊದಲು ಬೀಗರ ಬಾಯಿ ಸಿಹಿ ಮಾಡಲು ಸಕ್ಕರೆ ಡಬ್ಬಿಗೆ ಕೈ ಹಾಕಿದಳು.